ಮೂರನೇ ಪ್ರೆಸ್ಸಿನ ತಿರುವು

ಮೊನ್ನೆ ಬೆಳಿಗ್ಗೆ ಮಗುವಿಗೆ ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು ಪೌಡರಿನ ಡಬ್ಬಿ ಕೈಗೆತ್ತಿಕೊಂಡೆ. ಮಂಚದ ಮೇಲೆ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದ ಬಾಣಂತಿ ಮೊಮ್ಮಗಳು ಮಯೂರಿ ಕಣ್ಣು ತೆರೆಯದೆಯೇ ಹೇಳಿದಳು, “ಆಯಿ, ಪೌಡರ್ ಕಮ್ಮಿ.”

ನನ್ನ ಕೈ ಅಲ್ಲೇ ನಿಂತಿತು. ಅವಳೂ ಕಣ್ಣು ತೆರೆದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ನಕ್ಕು ನಕ್ಕು ನನಗೆ ಅಳು ಬಂತು. ಒಳಗಿನಿಂದ ಸೊಸೆ ಸವಿತಾ “ಏನಾತ್ರಿ ಅತ್ತಿ?” ಎಂದು ಕೇಳಿದಳು. ಏನಿಲ್ಲ ಅಂದೆವು.

ಮರಿಮೊಮ್ಮಗಳು ಹುಟ್ಟಿ ಇಪ್ಪತ್ತು ದಿನವಾಯಿತು. ಸಂತೋಷ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಹಾಲಿನವನಿಗೆ ಹೇಳಿದೆ, ಲಿಫ್ಟಿನಲ್ಲಿ ಸಿಕ್ಕ ಗುರುತಿಲ್ಲದವರಿಗೂ ಹೇಳಿದೆ. ಆದರೆ ಈ ಸಂತೋಷದ ಒಳಗೆ ಇನ್ನೊಂದಿದೆ. ಅದನ್ನು ಯಾರಿಗೂ ಹೇಳಿಲ್ಲ. ಹೇಳಬೇಕೆಂದರೆ ಹನ್ನೆರಡು ವರ್ಷದ ಹಿಂದಿನ ಒಂದು ಮಳೆಗಾಲವನ್ನು ಮೊದಲಿನಿಂದ ಹೇಳಬೇಕು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಹಿಂದುಮುಂದಾದರೆ ಓದುವವರು ಸರಿಮಾಡಿಕೊಳ್ಳಬೇಕು.

ಮುಂಬೈ ಹತ್ತಿರದ ಡೊಂಬಿವಲಿಯ ಕಾರ್ಖಾನೆಗಳ ಕಡೆ ಒಂದು ನಾಲೆ ಹರಿಯುತ್ತದೆ. ಒಂದು ದಿನ ಕೆಂಪು, ಒಂದು ದಿನ ನೀಲಿ. ಅದರ ಈಚೆ ದಡದಲ್ಲಿ ನಮ್ಮ ಬಿಲ್ಡಿಂಗು, ಆಚೆ ದಡದಲ್ಲಿ ನಾನು ಹದಿನಾರು ವರ್ಷ ದುಡಿದ ರಬ್ಬರಿನ ಕಂಪನಿ. ಲಾರಿಗೆ, ಪಂಪಿಗೆ ಹಾಕುವ ರಬ್ಬರ್ ವಾಷರ್ ಮಾಡುತ್ತಿದ್ದರು. ಗಂಡಸರು ಬಿಸಿ ಪ್ರೆಸ್ಸಿನ ಮೇಲೆ, ಹೆಂಗಸರು ಕತ್ತರಿ ಹಿಡಿದು ವಾಷರಿನ ಅಂಚು ತೆಗೆಯಲು ಮತ್ತು ಟ್ರೇ ಹೊರಲು. ನನ್ನ ಪಾಲಿಗೆ ಬಂದದ್ದು ಪೌಡರ್ ಹಾಕುವ ಕೆಲಸ. ಹಸಿ ರಬ್ಬರು ಒಂದಕ್ಕೊಂದು ತಾಗಿದರೆ ಹಿಡಿದುಬಿಡುತ್ತದೆ, ಬಿಡಿಸಲು ಬರುವುದಿಲ್ಲ. ಅದಕ್ಕೆ ತೆಳು ಬಟ್ಟೆಯ ಗಂಟಿನಲ್ಲಿ ಬಿಳಿ ಪೌಡರ್ ಕಟ್ಟಿ ಹಾಳೆಗಳ ಮೇಲೆ ಟಪ್ ಟಪ್ ಎಂದು ಬಡಿಯಬೇಕು, ಆಮೇಲೆ ಬಟ್ಟೆಯಿಂದ ಒರೆಸಬೇಕು. ಬಿಳುಪು ಕಾಣಬಾರದು, ಕೈ ಮಾತ್ರ ಜಾರಬೇಕು. ಕಂಪನಿ ಮುಚ್ಚಿದ ಮೇಲೂ ಆ ಗಂಟು ನನ್ನ ಹತ್ತಿರವೇ ಉಳಿಯಿತು. ಮನೆಗೆ ತಂದು ಮಾಡುವ ವಾಷರಿನ ಕೆಲಸಕ್ಕೆ ಬೇಕಾಗುತ್ತಿತ್ತು.

ಮಯೂರಿಗೆ ಆಗ ಹದಿನಾಲ್ಕು. ಮನೆಯಲ್ಲಿ ಕನ್ನಡ ಎಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಏನಾದರೂ ಬೇಕಾದಾಗ ಕನ್ನಡ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ, ಇಲ್ಲಿ ಮರಾಠಿಯವರು ತಾಯಿಗೆ ಹಾಗನ್ನುತ್ತಾರೆ. ಹೀಗಾಗಿ ಹೊಸ ಮಾಸ್ತರರೆಲ್ಲ ನನ್ನನ್ನೇ ಅವಳ ತಾಯಿ ಎಂದುಕೊಂಡು, ಇಷ್ಟು ವಯಸ್ಸಾದ ಮೇಲೆ ಹೆತ್ತಳೇ ಎಂದು ನೋಡುತ್ತಿದ್ದರು. ನನಗೇನು, ಖುಷಿಯೇ.

ಪಕ್ಕದ ಮನೆಯವರ ಮಗ ಹಡಗಿನಲ್ಲಿ ಕೆಲಸಕ್ಕಿದ್ದ. ಅವನು ಹೊರದೇಶದಿಂದ ತಂದು, ಆಡಿ ಬೇಸತ್ತು ಕೊಟ್ಟದ್ದು ಆ ರಿಮೋಟಿನ ಟ್ರಕ್ಕು. ಆಟಿಕೆ ಅನ್ನಬೇಡಿ. ಮೊಣಕೈ ಉದ್ದ, ನಾಲ್ಕು ದಪ್ಪ ಟೈರು, ಪ್ರತಿ ಚಕ್ರಕ್ಕೂ ಬೇರೆ ಸ್ಪ್ರಿಂಗು, ಬೇರೆ ಎಣ್ಣೆಯ ನಳಿಗೆ. ಬಿಟ್ಟರೆ ನಾಯಿಗಿಂತ ಜೋರು ಓಡುತ್ತದೆ. ನೆರೂಳದಲ್ಲಿ ಇಂಥ ಗಾಡಿಗಳ ರೇಸು ನಡೆಸುವ ಹುಡುಗರ ಒಂದು ಗುಂಪು ಇತ್ತು. ಮಯೂರಿ ಎರಡು ಸಲ ಹೋದಳು. ಎರಡೂ ಸಲ ಮೊದಲನೇ ತಿರುವಿನಲ್ಲೇ ಗಾಡಿಯ ಹಿಂಭಾಗ ಜಾರಿ, ಗಿರಕಿ ಹೊಡೆದು, ಚಕ್ರ ಮೇಲೆ ಮಾಡಿ ಬಿದ್ದುಕೊಂಡಿತು. ಹುಡುಗರು ನಕ್ಕರಂತೆ. ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಅವಳು ಟ್ರಕ್ಕನ್ನು ದುಪಟ್ಟಾದ ಕೆಳಗೆ ಮುಚ್ಚಿ ಹಿಡಿದುಕೊಂಡಿದ್ದಳು.

ನನ್ನ ಮಗ ಬಸವರಾಜ ತುರ್ಭೆಯಲ್ಲಿ ಲಾರಿ ಲೋಡಿಂಗಿನ ಮೇಲ್ವಿಚಾರಕ. ಅವನು ಊಟದ ತಾಟಿನಿಂದ ತಲೆ ಎತ್ತದೆ ಹೇಳಿದ, “ಗಣಪತಿ ಆದಮ್ಯಾಲೆ ಇನ್ನೊಂದು ರೇಸ್ ಅದ ಅಂತ ಅಲ್ಲ? ಹೋಗು. ಈ ಸಲಾನೂ ಅಂಗಾತ ಬಿತ್ತಂದ್ರ ಗಾಡಿ ಅಟ್ಟದ ಮ್ಯಾಲೆ. ಹತ್ತನೇತ್ತೆ ಮುಗಿಯೂತನಕ ಇಳಿಸಂಗಿಲ್ಲ.”

“ಪಪ್ಪಾ, ದೋ ಸಾಲ್?”

“ಎರಡ ವರ್ಷ. ನಿಮ್ಮ ಆಯಿನ್ನ ಕೇಳು ಬೇಕಾದ್ರ.”

ಅವಳು ನನ್ನನ್ನು ನೋಡಿದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಎರಡು ದಿನ ಊಟ ಅರ್ಧಕ್ಕೇ ಬಿಟ್ಟೆದ್ದಳು. ಆ ಗಾಡಿ ಬಿಟ್ಟರೆ ಅವಳಿಗೆ ಬೇರೇನೂ ಬೇಕಿರಲಿಲ್ಲ. ಪಾಠಕ್ಕೆ ಬಾರದ ಮನಸ್ಸು, ಒಂದು ಸ್ಕ್ರೂ ಕೈಗೆ ಕೊಟ್ಟರೆ ಬೆಳಗುತ್ತಿತ್ತು. ಅಟ್ಟಕ್ಕೆ ಹೋಗುವುದು ಗಾಡಿಯೊಂದೇ ಅಲ್ಲ ಎಂದು ನನಗೆ ಗೊತ್ತಿತ್ತು. ಮೂರನೇ ದಿನ ನಾನೇ ಹೇಳಿದೆ, “ನಡಿ. ಒಂದ್ ಜಾಗಾ ತೋರಸ್ತೀನಿ.”

ಕಂಪನಿಯ ಗೇಟಿನಲ್ಲಿ ತಾತ್ಯಾ ಇದ್ದ. ಹಿಂದೆ ಪ್ರೆಸ್ಸಿನ ಮೇಲೆ ಇದ್ದವನು, ಮುಚ್ಚಿದ ಮೇಲೆ ವಾಚ್‌ಮನ್ ಆಗಿ ಉಳಿದುಕೊಂಡಿದ್ದ. ಕೀಲಿ ಸೊಂಟದ ಕರಿದಾರದಲ್ಲಿ. “ವಹಿನಿ, ಮಳೀಗೆ ಆಡಾಕ ಜಾಗಾ ಇಲ್ಲ ಅಂದ್ರ ಶೆಡ್ಡಿನಾಗ ಆಡ್ರಿ. ಯಾರ್ ಕೇಳ್ತಾರ? ಮಾಲಕ ಸತ್ತು ಮೂರು ವರ್ಷಾತು, ಮಕ್ಕಳಿಗೆ ಈ ಜಾಗಾ ಎಲ್ಲಿ ಅದ ಅಂತನೂ ಗೊತ್ತಿಲ್ಲ,” ಎಂದ. ಮರಾಠಿಯವನಾದರೂ ಇಷ್ಟು ವರ್ಷ ನಮ್ಮ ಜೊತೆ ಇದ್ದು ನಮ್ಮ ಮಾತೇ ಆಡುತ್ತಿದ್ದ, ನನ್ನನ್ನು ಅತ್ತಿಗೆ ಅನ್ನುವುದಕ್ಕೆ ಮಾತ್ರ ವಹಿನಿ.

ಶಟರ್ ಎತ್ತಿದಾಗ ಒಳಗಿನ ಗಾಳಿ ಹೊರಗೆ ಬಂತು. ಸುಟ್ಟ ರಬ್ಬರಿನ ವಾಸನೆ, ಅದರ ಕೆಳಗೆ ಹಸಿ ಗೋಡೆಯ ವಾಸನೆ. ಯಂತ್ರಗಳನ್ನೆಲ್ಲ ಗುಜರಿಗೆ ಒಯ್ದಿದ್ದರು. ಅವು ನಿಂತಿದ್ದ ಕಡೆ ನೆಲದಲ್ಲಿ ಬೋಲ್ಟಿನ ನಾಲ್ಕು ನಾಲ್ಕು ತೂತುಗಳು. ಛಾವಣಿಯಲ್ಲಿ ಅಲ್ಲಲ್ಲಿ ಹಾಕಿದ್ದ ಹಸಿರು ಫೈಬರ್ ಹಾಳೆಯಿಂದ ಬೆಳಕು ಬೀಳುತ್ತಿತ್ತು. ಮಟಮಟ ಮಧ್ಯಾಹ್ನದಲ್ಲೂ ನೀರಿನೊಳಗೆ ನಿಂತ ಹಾಗೆ. ಮಳೆ ಬಂದರೆ ತಗಡಿನ ಮೇಲಿನ ಸದ್ದಿಗೆ ಪಕ್ಕದವರ ಬಾಯಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನಿಂತರೆ ಸೂಜಿ ಬಿದ್ದರೂ ಕೇಳುವ ಮೌನ.

ಮಯೂರಿ ಬಾಗಿಲಿನಿಂದ ಗಾಡಿ ಬಿಡುತ್ತಿದ್ದಳು. ಉದ್ದಕ್ಕೂ ಓಡಿ, ಮೂರನೇ ಪ್ರೆಸ್ಸಿದ್ದ ಕಡೆ ಬಲಕ್ಕೆ ತಿರುಗಿ, ಗೋಡೆ ಸುತ್ತಿ ವಾಪಸು ಬರಬೇಕು. ಗಾಡಿ ಎಲ್ಲ ಕಡೆ ತಿರುಗುತ್ತಿತ್ತು. ಮೂರನೇ ಪ್ರೆಸ್ಸಿನ ಹತ್ತಿರ ಮಾತ್ರ ಹಿಂಭಾಗ ಸರ್ರನೆ ಜಾರಿ, ಯಾರೋ ಕಾಲಿನಿಂದ ಒದ್ದ ಹಾಗೆ ಗೋಡೆಗೆ ಹೋಗಿ ಬಡಿಯುತ್ತಿತ್ತು. ಪ್ರತಿ ಸಲ ಅದೇ ಜಾಗ. ಪ್ರತಿ ಸಲ ಚಕ್ರ ಮೇಲೆ ಮಾಡಿ, ಅವು ತಮ್ಮಷ್ಟಕ್ಕೆ ತಿರುಗುತ್ತಾ.

ಆ ಜಾಗ ನನಗೆ ಗೊತ್ತಿತ್ತು.

ಅಲ್ಲಿ ಬಿದ್ದವಳು ಗಿರಿಜಾ. ಜಮಖಂಡಿ ಕಡೆಯವಳು, ನನಗಿಂತ ಎರಡು ವರ್ಷ ಚಿಕ್ಕವಳು, ಟ್ರೇ ಹೊರುವ ಕೆಲಸ. ಪೌಡರ್ ಚೆಲ್ಲಿದ ನೆಲ ಚಪ್ಪಲಿಗೆ ಜಾರುತ್ತದೆ ಎಂದು ನಾವೆಲ್ಲ ಬರಿಗಾಲಲ್ಲೇ ಓಡಾಡುತ್ತಿದ್ದೆವು. ಆದರೂ ತಲೆ ಮೇಲೆ ಬಿಸಿ ಟ್ರೇ ಇಟ್ಟುಕೊಂಡು ಆ ಮೂಲೆ ತಿರುಗುವುದು ಎಲ್ಲರಿಗೂ ಆಗುತ್ತಿರಲಿಲ್ಲ. ಗಿರಿಜಾಳಿಗೆ ಆಗುತ್ತಿತ್ತು. ಹೊಸಬರಿಗೆ ಅವಳೇ ಕಲಿಸುವವಳು, ನನಗೂ ಅವಳೇ. “ಏ ಶಾಂತವ್ವ, ಮೊಣಕಾಲು ಸಡ್ಲ ಬಿಡ. ಮಾವನ ಮುಂದ ನಿಂತಂಗ ನಿಂದರಬ್ಯಾಡ. ಭಾರ ಹಿಂದ ಹಿಮ್ಮಡಕ್ಕ ಬಿಡು, ಮೊದಲು ಮೈ ವಾಲಲಿ, ಆಮ್ಯಾಲೆ ಕಾಲು,” ಅನ್ನುವಳು. ಅವಳ ಎಡಗಾಲಿನಲ್ಲಿ ಹೆಬ್ಬೆರಳ ಪಕ್ಕದ ಎರಡು ಬೆರಳು ಹುಟ್ಟಿನಿಂದಲೇ ಕೂಡಿಕೊಂಡಿದ್ದವು. ಕಾಲುಂಗುರ ಏರುತ್ತಿರಲಿಲ್ಲ. ಬಲಗಾಲಿಗೆ ಮಾತ್ರ ಹಾಕಿಕೊಂಡು, “ನಾ ಅರ್ಧಾ ಮದುವಿ ಆದಾಕಿ” ಎಂದು ನಗಿಸುತ್ತಿದ್ದಳು.

ಅವಳೇ ಆ ಮೂಲೆಯಲ್ಲಿ ಬಿದ್ದಳು. ಪ್ರೆಸ್ಸಿನ ಕಬ್ಬಿಣದ ಅಂಚಿಗೆ ತಲೆ ಬಡಿಯಿತು. ಮೂರನೇ ದಿನ ಆಸ್ಪತ್ರೆಯಲ್ಲಿ ತೀರಿಹೋದಳು.

ಇದೆಲ್ಲ ಮಯೂರಿಗೆ ಹೇಳಲಿಲ್ಲ. ನಡೆಯುವ ರೀತಿ ಮಾತ್ರ ಹೇಳಿದೆ. ಎರಡನೇ ವಾರ ಅವಳು ಗಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಹತಾಶಳಾಗಿ ಕುಳಿತಿದ್ದಾಗ ಅದರ ಬೆನ್ನು ಬೆರಳಿಂದ ಒತ್ತಿ ನೋಡಿದೆ. ಬಗ್ಗಲೇ ಇಲ್ಲ. “ನಿನ್ನ ಗಾಡಿ ಮಾವನ ಮುಂದ ನಿಂತಂಗ ನಿಂತದ,” ಅಂದೆ.

“ಮತ್ಲಬ್?”

ಎದ್ದು, ತಲೆಯ ಮೇಲೆ ಅವಳ ಪಾಟಿಚೀಲ ಇಟ್ಟುಕೊಂಡು, ನಡೆದು ತೋರಿಸಿದೆ. ಅರವತ್ತು ದಾಟಿದ ಮುದುಕಿ. ಮೊಣಕಾಲು ಸಡಿಲ, ಭಾರ ಹಿಮ್ಮಡಕ್ಕೆ. ಅವಳು ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಆಯಿ, ಫಿರ್ ಸೆ,” ಎಂದಳು. ಮೂರು ಸಲ ನಡೆಸಿದಳು. ನೆಲದ ಮೇಲೆ ಮಂಡಿಯೂರಿ ನನ್ನ ಕಾಲನ್ನೇ ನೋಡಿದಳು.

ಅವತ್ತಿನಿಂದ ಅವಳ ಕೈ ಬೇರೆಯಾಯಿತು. ತಾತ್ಯಾನ ಗುರುತಿನ ಒಂದು ವರ್ಕ್‌ಶಾಪಿನಲ್ಲಿ ಸ್ಪ್ರಿಂಗು ಸುತ್ತುತ್ತಿದ್ದರು. ಅಲ್ಲಿ ಹಿಂದಿನ ಚಕ್ರಗಳಿಗೆ ತೆಳು ತಂತಿಯ ಸ್ಪ್ರಿಂಗು ಮಾಡಿಸಿದಳು. ಮುಂದಿದ್ದ ಬ್ಯಾಟರಿಯನ್ನು ಹಿಂದಕ್ಕೆ ಸರಿಸಿ ಕಟ್ಟಿದಳು. ಹಿಂದಿನ ಎರಡು ಚಕ್ರಗಳನ್ನು ಜೋಡಿಸಿದ್ದ ಒಂದು ಗಟ್ಟಿ ತಂತಿ ಇತ್ತು. ಒಂದು ಚಕ್ರ ಎದ್ದರೆ ಇನ್ನೊಂದನ್ನೂ ಎಳೆಯುತ್ತಿತ್ತು. “ಎರಡೂ ಕಾಲಿಗೆ ಹಗ್ಗಾ ಕಟ್ಟಿದ್ರ ಯಾರು ನಡೀತಾರ?” ಅಂದೆ. ತೆಗೆದುಹಾಕಿದಳು. ತಿರುವಿನಲ್ಲಿ ರಿಮೋಟಿನ ಚಕ್ರವನ್ನು ಒಮ್ಮೆಲೇ ತಿರುಚದೆ, ಮೊದಲು ವೇಗ ಇಳಿಸಿ, ಗಾಡಿಯ ಮೈ ವಾಲಿದ ಮೇಲೆ ತಿರುಗಿಸಲು ಕಲಿತಳು. ನನ್ನ ಪಾಲಿನ ಕೆಲಸ ಟೈರು. ಪ್ರತಿ ಸಾಯಂಕಾಲ ನಾಲ್ಕೂ ಚಕ್ರ ಬಿಚ್ಚಿ ಕೊಡುತ್ತಿದ್ದಳು. ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ತೊಳೆದು, ಒಣಗಿಸಿ, ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದೆ. ಗಾಡಿ ಮನೆಗೆ ಬಂದ ದಿನದಿಂದ ಆ ಕೆಲಸ ನನ್ನದೇ. ರಬ್ಬರು ನನಗೆ ಬಿಟ್ಟರೆ ಆ ಮನೆಯಲ್ಲಿ ಇನ್ನಾರಿಗೆ ಗೊತ್ತಿತ್ತು?

ಗಾಡಿ ಸುಧಾರಿಸಿತು. ಉಳಿದ ತಿರುವುಗಳಲ್ಲಿ ನೆಲಕ್ಕೆ ಅಂಟಿಕೊಂಡು ಹೋಗುತ್ತಿತ್ತು. ಮೂರನೇ ಪ್ರೆಸ್ಸಿನ ಹತ್ತಿರ ಮಾತ್ರ ಅದೇ ಹಾಡು.

ಶ್ರಾವಣದಲ್ಲಿ ಮಳೆ ಹಿಡಿದುಕೊಂಡಿತು. ಒಂದು ಮಧ್ಯಾಹ್ನ ಶಟರ್ ಎತ್ತಿ ಒಳಗೆ ಹೋದ ಮಯೂರಿ ಆ ಮೂಲೆಯಲ್ಲಿ ನಿಂತು ಕರೆದಳು, “ಆಯಿ, ಕಲ್ ತು ಇಧರ್ ಆಯೀ ಥೀ ಕ್ಯಾ?” ನಿನ್ನೆ ನೀನು ಈ ಮೂಲೆಗೆ ಬಂದಿದ್ದೆಯಾ ಎಂದು.

ಹೋಗಿ ನೋಡಿದೆ. ಕಪ್ಪಗೆ ಬೆವೆತ ಕಾಂಕ್ರೀಟಿನ ಮೇಲೆ ಬಿಳಿಯ ಹೆಜ್ಜೆ. ಒಂದೇ. ಬರಿಗಾಲಿನದು. ಎಡಗಾಲು. ಹೆಬ್ಬೆರಳು, ಅದರ ಪಕ್ಕ ಎರಡು ಬೆರಳು ಕೂಡಿದ ಒಂದು ಅಗಲ ಗುರುತು, ಆಮೇಲೆ ಎರಡು ಚಿಕ್ಕವು.

ಹಿಮ್ಮಡದ ಗುರುತು ದಟ್ಟವಾಗಿತ್ತು. ಭಾರ ಹಿಂದೆ ಬಿಟ್ಟು ನಡೆದವರ ಹಾಗೆ.

“ತಾತ್ಯಾಂದಿರಬೇಕು,” ಅಂದೆ. ತಾತ್ಯಾ ಬಂದು ನೋಡಿದ. ಅವನ ಕಾಲಲ್ಲಿ ರಬ್ಬರಿನ ಗಮ್‌ಬೂಟು. ಕೀಲಿ ಸೊಂಟದಲ್ಲೇ ಇತ್ತು, ಬೇರೆ ಕೀಲಿ ಇಲ್ಲ. ಬಹಳ ಹೊತ್ತು ನೋಡಿ, ನನ್ನ ಮುಖ ನೋಡಿ, “ಹಳೇ ನೆಲ ವಹಿನಿ. ಮಳಿಗಾಲದಾಗ ಒಳಗಿಂದು ಮ್ಯಾಲೆ ಬರ್ತದ,” ಎಂದು ಹೇಳಿ ಗೇಟಿಗೆ ಹೋದ. ಅವತ್ತಿನ ನಂತರ ಅವನು ಶೆಡ್ಡಿನ ಒಳಗೆ ಬರಲಿಲ್ಲ. ಕೀಲಿ ನನ್ನ ಕೈಗೇ ಕೊಡುತ್ತಿದ್ದ.

ನಾನು ಒದ್ದೆ ಬಟ್ಟೆಯಿಂದ ಒರೆಸಿದೆ. ಮರುದಿನ ಎರಡಾದವು. ಆಮೇಲೆ ನಾಲ್ಕು. ಪ್ರೆಸ್ಸಿನ ಬೋಲ್ಟು ತೂತುಗಳ ಹತ್ತಿರದಿಂದ ಹೊರಟು ತಿರುವಿನವರೆಗೆ ಬರುತ್ತಿದ್ದವು. ಬಲ ಹೆಜ್ಜೆಯಲ್ಲಿ ಎರಡನೇ ಬೆರಳ ಬುಡಕ್ಕೆ ಕಾಲುಂಗುರದ ಗೆರೆ, ಎಡ ಹೆಜ್ಜೆಯಲ್ಲಿ ಇಲ್ಲ. ತಿರುವಿನ ನಡುಮಧ್ಯೆ ನಿಂತುಬಿಡುತ್ತಿದ್ದವು. ಮುಂದಿನ ಹೆಜ್ಜೆ ಇಲ್ಲ. ಮಯೂರಿಯ ಗಾಡಿ ಜಾರುತ್ತಿದ್ದದ್ದೂ ಸರಿಯಾಗಿ ಅಲ್ಲೇ.

ಮಯೂರಿ ಅಂಜಿದ್ದರೆ ನಾನು ಅವಳನ್ನು ಕರೆದುಕೊಂಡು ಮನೆಗೆ ಹೋಗಿಬಿಡುತ್ತಿದ್ದೆ. ಅವಳು ಅಂಜಲಿಲ್ಲ. ಸೀಮೆಸುಣ್ಣದಿಂದ ಪ್ರತಿ ಹೆಜ್ಜೆಗೂ ಸುತ್ತು ಹಾಕಿ, “ಜೋ ಭೀ ಹೈ, ಆಯಿ, ಇಸ್ಕಾ ಲೈನ್ ಸಹೀ ಹೈ,” ಎಂದಳು. ಯಾರೇ ಆಗಲಿ, ತಿರುವಿಗೆ ಬರುವ ದಾರಿ ಸರಿಯಿದೆ ಎಂದು. ಗಾಡಿಯನ್ನು ಆ ಹೆಜ್ಜೆಗಳ ಮೇಲೆಯೇ ಓಡಿಸತೊಡಗಿದಳು. ಹಸಿರು ಬೆಳಕಿನಲ್ಲಿ, ಯಾರೋ ನಡೆದ ದಾರಿಯ ಮೇಲೆ ಆ ಗಾಡಿ ಬುಸುಗುಡುತ್ತಾ ಹೋಗಿ, ಹೆಜ್ಜೆ ಮುಗಿಯುವಲ್ಲಿ ಮಗುಚಿ ಬೀಳುತ್ತಿತ್ತು. ನಾನು ಬಾಗಿಲ ಹತ್ತಿರ ಕುಳಿತು ಮಣಿಕಟ್ಟು ಹಿಸುಕಿಕೊಳ್ಳುತ್ತಿದ್ದೆ. ಗಿರಿಜಾ, ನನ್ನ ಮೇಲೆ ಸಿಟ್ಟಿದ್ದರೆ ನನಗೆ ಮಾಡು, ಈ ಕೂಸಿಗೆ ಬೇಡ, ಎಂದು ಒಳಗೊಳಗೇ ಹೇಳುತ್ತಿದ್ದೆ.

ಗಣಪತಿ ಕೂರಿಸುವ ಹಿಂದಿನ ವಾರ, ಒಂದು ಭಾನುವಾರ ಮಧ್ಯಾಹ್ನ. ಬಾಲ್ಕನಿಯಲ್ಲಿ ಕುಳಿತು ಟೈರುಗಳನ್ನು ಸಿದ್ಧ ಮಾಡುತ್ತಿದ್ದೆ. ಮಯೂರಿ ನೀರು ಕುಡಿಯಲು ಬಂದವಳು ನನ್ನ ಹಿಂದೆ ನಿಂತಳು. ಲೋಟ ಕೈಯಲ್ಲೇ ಇತ್ತು.

“ಆಯಿ, ಯೇ ಕ್ಯಾ ಕರ್ ರಹೀ ಹೈ?”

“ಏನು?”

“ಟೈರಿಗೆ. ಅದೇನು ಬಡೀತಾ ಇದೀ?”

“ಪೌಡರವ್ವ. ತೊಳದ ರಬ್ಬರಿಗೆ ಪೌಡರ್ ಹಾಕದ ಇಟ್ರ ಹಿಡದ ಹೋಗ್ತದ. ದಿನಾ ಹಾಕ್ತೀನಲ್ಲ. ಹಾಕಿ ಒರಸ್ತೀನಿ, ಒಂಚೂರೂ ಬಿಳುಪು ಉಳಿಯಂಗಿಲ್ಲ ನೋಡು.”

ಅವಳು ಒಂದು ಟೈರನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ತಿಕ್ಕಿದಳು. ಬೆರಳು ಜಾರಿತು. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಎರಡು ರೇಸು. ಒಂದೂವರೆ ತಿಂಗಳ ಶೆಡ್ಡು. ಬಾಗಿಲಿನಿಂದ ಹೊರಟ ಗಾಡಿಗೆ ಮೊದಲು ಸಿಗುವ ತಿರುವು ಮೂರನೇ ಪ್ರೆಸ್ಸಿನದು. ಟೈರಿನ ಪೌಡರೆಲ್ಲ ಅಲ್ಲೇ ಉಜ್ಜಿ ಇಳಿಯುತ್ತಿತ್ತು. ಮುಂದಿನ ತಿರುವಿಗೆ ಟೈರು ಸ್ವಚ್ಛ. ದಿನದಿನಕ್ಕೂ ಆ ಮೂಲೆಯ ನೆಲ ಮಾತ್ರ ಪೌಡರ್ ಕುಡಿದು ಕುಡಿದು ಸೋಪಿನ ಹಾಗೆ ಆಗಿತ್ತು.

ಅವಳು ಬೈಯಲಿಲ್ಲ. ನಗುವುದಕ್ಕೆ ಶುರು ಮಾಡಿದಳು. ನನ್ನ ಮುಖ ನೋಡಿ ನಿಲ್ಲಿಸಿದಳು.

ನನ್ನ ಕಣ್ಣಿನ ಮುಂದೆ ಬಂದದ್ದು ಬೇರೆ ಮಧ್ಯಾಹ್ನ. ಅದೂ ಮಳೆಗಾಲವೇ. ತೇವಕ್ಕೆ ರಬ್ಬರ್ ಹಾಳೆಗಳು ಅಂಟುತ್ತಿವೆ ಎಂದು ಫೋರ್‌ಮನ್ ಕೂಗಾಡಿದ. ನಾನು ಗಂಟು ಬಿಚ್ಚಿ, ಬೊಗಸೆ ಬೊಗಸೆ ಪೌಡರನ್ನು ಬರಿಗೈಯಿಂದ ಎರಚಿದೆ. ನೆಲದ ಮೇಲೆ ಎಷ್ಟು ಬಿತ್ತು ಎಂದು ನೋಡಲಿಲ್ಲ, ಗುಡಿಸಲೂ ಇಲ್ಲ. ಹಿಂದಿನಿಂದ ಗಿರಿಜಾ ಟ್ರೇ ಹೊತ್ತುಕೊಂಡು ಬಂದಳು. “ಏ ಶಾಂತವ್ವ, ಪೌಡರ್ ಕಮ್ಮಿ ಮಾಡ, ಮದುವಿ ಮನಿ ಅಲ್ಲ ಇದು,” ಎಂದು ನಗುತ್ತಾ ಹೋದಳು. ನಾಲ್ಕು ಹೆಜ್ಜೆ. ಅಷ್ಟೇ. ಕಾಲು ಜಾರಿತು ಎಂದು ಬರೆದುಕೊಂಡರು. ಪೌಡರ್ ಯಾರು ಚೆಲ್ಲಿದ್ದು ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಗಂಡನಿಗೆ ಹೇಳಲಿಲ್ಲ, ದೇವರ ಮುಂದೆಯೂ ಬಾಯಿ ಬಿಟ್ಟು ಹೇಳಲಿಲ್ಲ. ಇಪ್ಪತ್ತು ವರ್ಷ.

ಈಗ ಅದೇ ಕೈ, ಅದೇ ಗಂಟು, ಅದೇ ಮೂಲೆ. ನನ್ನ ಮೊಮ್ಮಗಳನ್ನು ನಾನೇ ದಿನಾ ಬೀಳಿಸುತ್ತಿದ್ದೆ.

ಬಾಲ್ಕನಿಯಲ್ಲೇ ಎಲ್ಲವನ್ನೂ ಹೇಳಿದೆ. ಕನ್ನಡದಲ್ಲಿ, ತಡವರಿಸಿಕೊಂಡು, ಹದಿನಾಲ್ಕು ವರ್ಷದ ಹುಡುಗಿಗೆ. ಹೆಜ್ಜೆ ಯಾರದೆಂದೂ ಹೇಳಿದೆ. ಅವಳು ಟೈರನ್ನು ತಿರುಗಿಸುತ್ತಾ ಕೇಳಿದಳು. ಆಮೇಲೆ ಕನ್ನಡದಲ್ಲೇ, ಒಂದೊಂದೇ ಮಾತು ಹುಡುಕಿ ಜೋಡಿಸಿದಳು.

“ಆಯಿ, ಗಾಡಿ ಬರೀ ಪೌಡರಿಗೆ ಬಿದ್ದಿಲ್ಲ. ಸ್ಪ್ರಿಂಗ್ ಟೈಟ್ ಇತ್ತು. ಬ್ಯಾಟರಿ ಮುಂದೆ ಇತ್ತು. ಆ ತಂತಿ ಇತ್ತು. ನಾನು ಜೋರಿಂದ ತಿರುಗಿಸ್ತಿದ್ದೆ. ಎಲ್ಲಾ ಕೂಡಿದ್ರೆ ಬೀಳ್ತದೆ. ಒಂದೇ ಇದ್ರೆ ಬೀಳೂದಿಲ್ಲ, ನಾನು ಒಂದೊಂದೇ ಮಾಡಿ ನೋಡೀನಿ.” ಟೈರನ್ನು ಕೆಳಗಿಟ್ಟು, “ಅವರ ಟ್ರೇ ಎಷ್ಟು ಭಾರ ಇತ್ತು?” ಎಂದಳು.

“ಇಬ್ಬರು ಒಂದೊಂದು ಹೊರೂದು. ಅವತ್ತು ಒಬ್ಬಾಕಿ ಬಂದಿರಲಿಲ್ಲ. ಗಿರಿಜಾನೇ ಎರಡೂ ಹೊತ್ತಿದ್ದಳು.”

“ಕಿತ್ನೇ ಘಂಟೇ ಸೆ?”

“ಬೆಳಿಗ್ಗಿಂದ.”

“ನೆಲಕ್ಕೆ ಒಂದು ಚಾಪಿ ಹಾಕಬೇಕಿತ್ತು ಯಾರಾದ್ರೂ. ಹೌದಾ?”

ಇಪ್ಪತ್ತು ವರ್ಷದಿಂದ ಎದೆಯ ಮೇಲೆ ಕುಳಿತದ್ದು ಸ್ವಲ್ಪ ಅತ್ತ ಸರಿದು ಕುಳಿತಿತು. ಹೋಗಲಿಲ್ಲ. ಸರಿಯಿತು.

ಅವತ್ತೇ ಸಂಜೆಯೊಳಗೆ ಇಬ್ಬರೂ ಶೆಡ್ಡಿಗೆ ಹೋದೆವು. ಎರಡು ಬಕೆಟ್ ಬಿಸಿನೀರು, ಬಟ್ಟೆ ಸೋಡಾ, ತೆಂಗಿನ ಕಡ್ಡಿಯ ಪೊರಕೆ. ಆ ಮೂಲೆಯನ್ನು ಮೂರು ಸಲ ತಿಕ್ಕಿ ತೊಳೆದೆವು. ಬಿಳಿ ನೀರು ಹರಿದು ಗಟಾರಕ್ಕೆ ಹೋಯಿತು. ಹಾಲಿನ ಹಾಗೆ, ನಿಲ್ಲದೆ, ಒಂದೂವರೆ ತಿಂಗಳ ಪೌಡರಿಗಿಂತ ಬಹಳ ಹೆಚ್ಚು. ಇಷ್ಟು ಎಲ್ಲಿಂದ ಬರುತ್ತಿದೆ ಎಂದು ಇಬ್ಬರೂ ಕೇಳಲಿಲ್ಲ. ಕೊನೆಗೆ ಗಂಟನ್ನೂ ಅದೇ ನೀರಿಗೆ ಹಾಕಿದೆ.

ಮರುದಿನ ಹೆಜ್ಜೆ ಇರಲಿಲ್ಲ. ಗಾಡಿ ಓಡಿತು. ಮೂರನೇ ಪ್ರೆಸ್ಸಿನ ಹತ್ತಿರ ಅದರ ಮೈ ಮೆಲ್ಲಗೆ ಹೊರಗೆ ವಾಲಿತು, ಹಿಂದಿನ ಚಕ್ರಗಳು ಮೊಣಕಾಲು ಬಗ್ಗಿಸಿದಂತೆ ಕುಳಿತವು, ತಿರುಗಿತು, ಹೋಯಿತು. ಮಯೂರಿ ನನ್ನ ಕೈ ಹಿಡಿದಳು. ಇಪ್ಪತ್ತು ಸುತ್ತು ಹಾಕಿಸಿದಳು, ಒಮ್ಮೆಯೂ ಬೀಳಲಿಲ್ಲ.

ರೇಸಿನ ಹಿಂದಿನ ದಿನ ಕೊನೆಯ ಸಲ ಹೋದೆವು. ನೆಲ ಒಣಗಿ ಸ್ವಚ್ಛವಿತ್ತು, ಪೌಡರಿನ ಕಣ ಇಲ್ಲ. ಶಟರ್ ಎಳೆಯುವ ಮುಂಚೆ ಮಯೂರಿ ನಿಂತಳು. ಬೆರಳು ತೋರಿಸಿದಳು. ತಿರುವನ್ನು ದಾಟಿ ಆಚೆ, ನಾವು ಎಂದೂ ಹೆಜ್ಜೆ ನೋಡದಿದ್ದ ಕಡೆ, ಬಾಗಿಲ ದಿಕ್ಕಿಗೆ ಮುಖ ಮಾಡಿ ಒಂದೇ ಒಂದು ಬಿಳಿ ಹೆಜ್ಜೆ. ಎಡಗಾಲು. ಕೂಡಿದ ಬೆರಳು. ಹಿಮ್ಮಡ ದಟ್ಟವಾಗಿರಲಿಲ್ಲ. ಭಾರ ಇಳಿಸಿದವರ ಹೆಜ್ಜೆ ಅದು.

ಒರೆಸಲಿಲ್ಲ. ಕೀಲಿಯನ್ನು ತಾತ್ಯಾನಿಗೆ ಕೊಟ್ಟೆ. “ಮುಗೀತೇನು ವಹಿನಿ?” ಎಂದ. “ದಾಟಿದಳು,” ಅಂದೆ. ಅವನು ಯಾರು ಎಂದು ಕೇಳಲಿಲ್ಲ, ಟೋಪಿ ತೆಗೆದು ತಲೆ ಕೆರೆದುಕೊಂಡ.

ನೆರೂಳದ ರೇಸನ್ನು ಉದ್ದ ಮಾಡುವುದಿಲ್ಲ. ಮಳೆ ಬಿಟ್ಟು ಎರಡು ದಿನವಾಗಿತ್ತು. ಮೈದಾನದ ಮೇಲೆ ಹಿಟ್ಟಿನಂಥ ಧೂಳು. ಮೊದಲನೇ ತಿರುವಿನಲ್ಲಿ ಹೊಸ ಹೊಸ ಗಾಡಿಗಳು ಒಂದರ ಮೇಲೊಂದು ಜಾರಿ ರಾಶಿಯಾದವು. ಪೌಡರಿನ ಮೇಲೆ ನಡೆದು ಕಲಿತ ನಮ್ಮ ಗಾಡಿ ಮಾತ್ರ ಮೊಣಕಾಲು ಸಡಿಲ ಬಿಟ್ಟು, ಭಾರ ಹಿಂದೆ ಬಿಟ್ಟು, ಆ ರಾಶಿಯ ಪಕ್ಕದಿಂದ ಹಾದುಹೋಯಿತು. ಬಸವರಾಜ ನನ್ನ ಪಕ್ಕ ನಿಂತಿದ್ದ. ನಾನು ಕುಣಿಯುತ್ತಿದ್ದೆ. “ಅವ್ವಾ, ಮಂದಿ ನೋಡ್ಲಿಕತ್ತಾರ,” ಎಂದ. ನೋಡಲಿ ಅಂದೆ. ಮೂರನೇ ನಂಬರು ಬಂತು. ವಾಪಸು ಬರುವಾಗ ಲೋಕಲಿನಲ್ಲಿ ಗಾಡಿಯನ್ನು ಯಾರೂ ಮುಚ್ಚಲಿಲ್ಲ. ಬಸವರಾಜನೇ ತೊಡೆಯ ಮೇಲೆ ಇಟ್ಟುಕೊಂಡು, ಹಿಂದಿನ ಸ್ಪ್ರಿಂಗನ್ನು ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಾ, “ನಮ್ಮ ತುರ್ಭೆ ಲಾರಿಗೂ ಹಿಂಗ ಮಾಡಾಕ ಬರ್ತದೇನು ನೋಡು ಒಮ್ಮೆ,” ಎಂದು ಮಗಳನ್ನು ಕೇಳಿದ. ಅಟ್ಟದ ಮಾತು ಮತ್ತೆ ಬರಲಿಲ್ಲ. ಅವಳು ಈಗ ದುಡಿಯುವುದೂ ಲಾರಿಗಳ ಸ್ಪ್ರಿಂಗು ನೋಡುವ ಒಂದು ಗ್ಯಾರೇಜಿನಲ್ಲೇ, ಕೈಕೆಳಗೆ ನಾಲ್ಕು ಜನ ಗಂಡಸರು.

ಆ ಶೆಡ್ಡನ್ನು ಮರುವರ್ಷ ಕೆಡವಿದರು. ಈಗ ಅಲ್ಲಿ ಏಳು ಮಹಡಿಯ ಸೊಸೈಟಿ ಇದೆ. ಮೂರನೇ ಪ್ರೆಸ್ಸಿದ್ದ ಕಡೆ ತುಳಸಿ ಕಟ್ಟೆ.

ಇನ್ನು ಯಾರಿಗೂ ಹೇಳದ ಮಾತು. ಇಪ್ಪತ್ತು ದಿನದ ಹಿಂದೆ ಕಲ್ಯಾಣದ ಆಸ್ಪತ್ರೆಯಲ್ಲಿ ಮಗು ಹುಟ್ಟಿದಾಗ ನರ್ಸಮ್ಮ ಅದರ ಎರಡೂ ಪಾದಕ್ಕೆ ಮಸಿ ಹಚ್ಚಿ ಒಂದು ಕಾಗದದ ಮೇಲೆ ಒತ್ತಿದರು. ಗುರುತಿಗೆ ಹಾಗೆ ಮಾಡುತ್ತಾರಂತೆ. ಕಾಗದವನ್ನು ಮೊದಲು ನನ್ನ ಕೈಗೆ ಕೊಟ್ಟರು. ಬಲಪಾದದಲ್ಲಿ ಐದು ಬೆರಳು. ಎಡಪಾದದಲ್ಲಿ ಹೆಬ್ಬೆರಳು, ಪಕ್ಕದಲ್ಲಿ ಎರಡು ಕೂಡಿದ ಒಂದು ಅಗಲ ಗುರುತು, ಆಮೇಲೆ ಸಾಸಿವೆಯಂಥ ಎರಡು.

ಗೋಡೆ ಹಿಡಿದುಕೊಂಡೆ. ನರ್ಸಮ್ಮ, “ಅಜ್ಜಿ, ಏನೂ ಹೆದರಬೇಡಿ, ಎಷ್ಟೋ ಮಕ್ಕಳಿಗೆ ಇರುತ್ತದೆ, ನಡೆಯಲು ತೊಂದರೆಯಿಲ್ಲ,” ಎಂದರು. ಹೆದರಿಕೆಯಾಗಿದ್ದರೆ ಹೇಳುತ್ತಿದ್ದೆ. ಕಾಗದವನ್ನು ಮಯೂರಿಯ ಮಂಚಕ್ಕೆ ಒಯ್ದು ಕೊಟ್ಟೆ. ಅವಳು ನೋಡಿದಳು. ತುಂಬ ಹೊತ್ತು ನೋಡಿದಳು. ಸೀಮೆಸುಣ್ಣದಿಂದ ಸುತ್ತು ಹಾಕಿದ ಬೆರಳು ಅದನ್ನು ಮರೆತೀತೇ? ಮಗುವಿನ ಬೆತ್ತಲೆ ಕಾಲನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮಡಚಿ, ಬಿಟ್ಟು, “ಆಯಿ, ಮೊಣಕಾಲು ಸಡಿಲ ಇದೆ,” ಎಂದಳು. ಕನ್ನಡದಲ್ಲಿ.

ನಾಳೆ ತೊಟ್ಟಿಲು. ಏನು ಹೆಸರಿಡುತ್ತಾರೋ ಅವರಿಷ್ಟ. ನಾನು ದಿನಾ ಬೆಳಿಗ್ಗೆ ನನ್ನ ಕೆಲಸ ಮಾಡುತ್ತೇನೆ. ಕುತ್ತಿಗೆಗೆ, ಕಂಕುಳಿಗೆ, ಬೆನ್ನಿಗೆ ಪೌಡರ್ ಹಚ್ಚುತ್ತೇನೆ, ಕಮ್ಮಿ. ಹಚ್ಚಿದ ಮೇಲೆ ಕೈ ತೊಳೆದುಕೊಂಡು ಬಂದು, ಆ ಎರಡು ಅಂಗಾಲನ್ನು ಬರಿಗೈಯಿಂದ ಮಾತ್ರ ಒರೆಸುತ್ತೇನೆ.